ರವಿವಾರದ ಕುರಿ

ಸರ್,

ನಿಮಗೆ ಗಿರಿಜಾಳ ಶರಣಾರ್ಥಿ. ಪತ್ರ ಎಂದ ಮೇಲೆ ಮೊದಲು ಕ್ಷೇಮ ಸಮಾಚಾರ ಬರೆಯಬೇಕಂತೆ. ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ನಿಮ್ಮ ಕ್ಷೇಮ ಕೇಳೋಣವೆಂದರೆ ನೀವು ಹೋಗಿಯೇ ಹದಿನಾಲ್ಕು ತಿಂಗಳಾಯಿತು. ಹೋಗುವವರು ಒಂದು ಮಾತು ಆಡಿ ಹೋಗಬಾರದಿತ್ತೇ? ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟು, ಕಾಲೇಜಿನ ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ಮೇಲಿನ ನೋಟಿಸು ಓದುತ್ತ ನಿಂತು, ಕೊನೆಗೆ ಒಂದು ದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟಿರಿ. ಈಗ ನನ್ನ ಹತ್ತಿರ ಹೇಳುವ ಸುದ್ದಿ ಇದೆ, ಕೇಳಬೇಕಾದವರು ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮೊದಲ ದಿನ ನೆನಪಿದೆಯೇ? ಬಾಗಲಕೋಟೆಯ ನಮ್ಮ ಔಷಧಶಾಸ್ತ್ರದ ಪ್ರಯೋಗಾಲಯದಲ್ಲಿ, ಫ್ರಿಜ್ಜಿನ ಕೆಳಗಿನ ಖಾನೆಯಿಂದ ಹೆಬ್ಬೆರಳು ಗಾತ್ರದ ಶೀಸೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಿರಿ. ತಳದಲ್ಲಿ ಬಿಳಿ ಪುಡಿ, ಕಡಲೆ ಕಾಳಿನಷ್ಟು ರಾಶಿ. ಟ್ರಿಪ್ಟಮೈನ್ ಕುಲದ್ದು, ನಮ್ಮ ಕರುಳಿನಲ್ಲಿ, ಮಿದುಳಿನಲ್ಲಿ ಹುಟ್ಟುವ ಸೆರೊಟೋನಿನ್‌ನ ದೂರದ ಸಂಬಂಧಿ ಎಂದಿರಿ. ನಿಮ್ಮ ಹಳೆಯ ಸಹಪಾಠಿಯೊಬ್ಬರು ಬೇರೇನನ್ನೋ ಮಾಡಲು ಹೋಗಿ ಇದನ್ನು ಮಾಡಿಕೊಂಡು, ಬೇಡವೆಂದು ನಿಮಗೆ ಕಳಿಸಿದ್ದರು. ಅದಕ್ಕೊಂದು ಹೆಸರಿರಲಿಲ್ಲ, ಸಂಖ್ಯೆಗಳ ಉದ್ದ ಸಾಲಿತ್ತು. ಎಷ್ಟು ಹುಡುಕಿದರೂ ಅದರ ಬಗ್ಗೆ ಯಾರೂ ನೆಟ್ಟಗೆ ನಾಲ್ಕು ಸಾಲು ಬರೆದಿರಲಿಲ್ಲ. 'ಯಾರೂ ನೋಡಿಲ್ಲ ಅಂದ್ರ ಏನೂ ಇಲ್ಲ ಅಂತಲ್ಲವಾ ತಂಗಿ, ಯಾರೂ ನೋಡಿಲ್ಲ ಅಂತ ಅಷ್ಟ' ಎಂದು ನಕ್ಕಿರಿ. ನಾನು ಆ ನಗುವಿಗೆ ಮರುಳಾಗಿ ಪಿಎಚ್‌ಡಿಗೆ ಸೇರಿದೆ. ನನಗೆ ಬೇರೆ ಕೆಲಸ ಇರಲಿಲ್ಲವೇ?

ಆ ಪುಡಿಗೆ ಹೆಸರಿಟ್ಟವನು ಮಾಳಪ್ಪ ಕಾಕಾ. ಅವನನ್ನು ನೀವು ಅಟೆಂಡರ್ ಎಂದು ಎಂದೂ ಕರೆಯಲಿಲ್ಲ. ಪ್ರಯೋಗಾಲಯಕ್ಕೆ ಇಲಿ, ಮೊಲ ತರಿಸಲು ಅನುಮತಿಯ ಕಾಗದ ಓಡಾಡಿ ಓಡಾಡಿ ಸವೆದುಹೋದಾಗ, 'ಮಟನ್ ಅಂಗಡ್ಯಾಗ ಹೆಂಗೂ ಕುರಿ ಕಡೀತಾರಲ್ರಿ ಸರ, ಹೊಟ್ಟಿ ನಾ ತರ್ತೇನಿ' ಎಂದವನು ಅವನೇ. ಹಳೇ ಊರಿನ ಅಂಗಡಿಯಿಂದ ಥರ್ಮಾಸಿನಲ್ಲಿ, ತಣ್ಣಗಿನ ಉಪ್ಪು ದ್ರಾವಣದಲ್ಲಿ ಕುರಿಯ ಜಠರದ ತುಂಡು ಬರುತ್ತಿತ್ತು. ಅದರಿಂದ ಲಾಡಿಯಷ್ಟು ಅಗಲದ ಪಟ್ಟಿ ಕತ್ತರಿಸಿ, ಬೆಚ್ಚಗಿನ ದ್ರಾವಣ ತುಂಬಿದ ಗಾಜಿನ ನಳಿಕೆಯಲ್ಲಿ ದಾರ ಕಟ್ಟಿ ತೂಗಿಬಿಡುತ್ತಿದ್ದಿರಿ. ಪಟ್ಟಿ ಕುಗ್ಗಿದರೆ ಮೇಲಿನ ಕಡ್ಡಿ ಏಳುತ್ತದೆ, ಹೊಗೆ ಹಿಡಿಸಿದ ಕಪ್ಪು ಕಾಗದದ ಉರುಳೆಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಸೆರೊಟೋನಿನ್ ಎರಡು ಹನಿ ಹಾಕಿದರೆ ಕಡ್ಡಿ ಏಳುತ್ತದೆ, ತೊಳೆದರೆ ಇಳಿಯುತ್ತದೆ. ನಮ್ಮ ಪುಡಿಯ ದ್ರಾವಣ ಹಾಕಿದರೆ ಕಡ್ಡಿ ಸಾವಕಾಶ ಅರ್ಧಕ್ಕೆ ಏಳುತ್ತದೆ, ಮೂರು ಸಲ ತೊಳೆದರೂ ಇಳಿಯುವುದಿಲ್ಲ. ಆಮೇಲೆ ಸೆರೊಟೋನಿನ್ ಹಾಕಿದರೂ ಕುಳಿತಲ್ಲಿಂದ ಅಲುಗುವುದಿಲ್ಲ. ಮಾಳಪ್ಪ ಕಾಕಾ ಅದನ್ನು ನೋಡಿ, 'ಮನಿ ಅಳಿಯಾ ಇದ್ದಂಗ ಐತ್ರಿ ಇದು. ತಾನೂ ದುಡಿಯಂಗಿಲ್ಲ, ಬ್ಯಾರೇದವರನ್ನೂ ಒಳಗ ಬಿಡಂಗಿಲ್ಲ' ಎಂದ. ಅಂದಿನಿಂದ ಅದು ಅಳಿಯ. ನಿಮ್ಮ ನೋಟುಬುಕ್ಕಿನಲ್ಲೂ ಅದೇ ಹೆಸರು.

ನಮ್ಮ ಇಲಕಲ್ಲಿನ ಮನೆಗೆ ನೀವು ಒಂದೇ ಸಲ ಬಂದಿರಿ, ಆದರೆ ಬಂದದ್ದು ಊಟಕ್ಕೋ ಮಗ್ಗ ನೋಡಲಿಕ್ಕೋ ಎಂದು ಅವ್ವ ಈಗಲೂ ಕೇಳುತ್ತಾಳೆ. ಅವಳು ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುತ್ತಿದ್ದಳು, ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ. ತಟ್ಟೆಯಲ್ಲಿ ರೊಟ್ಟಿ ಆರುತ್ತಿದ್ದರೂ ನೀವು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, 'ನೋಡವಾ, ಸೆರೊಟೋನಿನ್ ಕೊಂಡಿ ಹಾಕಿ ಬಿಡತೈತಿ. ಅಳಿಯ ಕೊಂಡಿ ಹಾಕಿ ಗಂಟು ಹಾಕತಾನ' ಎಂದಿರಿ. ನಾನು ಇವತ್ತಿಗೂ ಮಕ್ಕಳಿಗೆ, ಜೀವಕೋಶದ ಮೇಲೆ ಔಷಧ ಬಂದು ಕೂರುವ ಗ್ರಾಹಕಗಳ ಪಾಠವನ್ನು ಹಾಗೇ ಮಾಡುತ್ತೇನೆ. ಕೀಲಿಕೈ, ಕೀಲಿ ಎಂದು ಪುಸ್ತಕದಲ್ಲಿದೆ. ಅದು ನನಗೆ ಬಾಯಿಗೆ ಬರುವುದಿಲ್ಲ.

ನೀವು ಆ ಅಳಿಯನ ಬೆನ್ನು ಹತ್ತಿದ್ದು ಯಾಕೆ ಎಂದು ನನಗೆ ಗೊತ್ತಾದದ್ದು ನಿಮ್ಮ ಮನೆಯಲ್ಲಿ. ಒಂದು ಮಧ್ಯಾಹ್ನ ಸಹಿ ಬೇಕೆಂದು ಬಂದಾಗ ಕಿಟಕಿಗೆಲ್ಲ ಕೌದಿ ಕಟ್ಟಿ ಕತ್ತಲು ಮಾಡಿದ್ದಿರಿ, ಒಳಗೆ ನಿಮ್ಮ ಪತ್ನಿ, ನಮ್ಮ ಅಮ್ಮಾರು, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದರು. ಅರೆತಲೆನೋವು. ಅದಕ್ಕೆ ಕೊಡುವ ಗುಳಿಗೆಯೂ ಇದೇ ಟ್ರಿಪ್ಟಮೈನ್ ಕುಲದ್ದೇ. ಮುಂಜಾನೆ ನುಂಗಿದರೆ ಅವರಿಗೆ ಸಂಜೆಯೊಳಗೆ ನೋವು ತಿರುಗಿ ಬರುತ್ತಿತ್ತು. 'ಬಂದು ಕುಂತು ಏಳಲಾರದ್ದು ಒಂದು ಸಿಕ್ಕರ…' ಎಂದಿರಿ. ಕುರಿಯ ಹೊಟ್ಟೆಯಿಂದ ಮನುಷ್ಯರ ತಲೆಗೆ ದಾರಿ ಭಾಳ ದೂರ, ಆ ದಾರಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತೇ ಹೋಗುತ್ತವೆ ಎಂದು ನೀವೇ ಪಾಠ ಮಾಡುತ್ತಿದ್ದಿರಿ. ಏಳದೆ ಕುಳಿತದ್ದು ರಕ್ತನಾಳಕ್ಕೆ ವಿಷವೂ ಆಗಬಹುದು ಎಂದೂ ಹೇಳುತ್ತಿದ್ದಿರಿ. ಆದರೂ ಆಸೆ ಪಟ್ಟಿರಿ. ಪಟ್ಟರೆ ತಪ್ಪೇನು?

ನನ್ನ ಸರದಿ ಬಂದಾಗಲೇ ಎಲ್ಲ ಕೆಟ್ಟದ್ದು. ವಾರವೆಲ್ಲ ನನಗೆ ಕ್ಲಾಸು, ಪ್ರಯೋಗಾಲಯ ಸಿಗುತ್ತಿದ್ದದ್ದು ರವಿವಾರ ಮಾತ್ರ. ನೀವು ಬುಧವಾರ ಮಾಡುತ್ತಿದ್ದಿರಿ. ಅದೇ ಅಳಿಯ, ಅದೇ ನಳಿಕೆ, ಅದೇ ಕಡ್ಡಿ. ನಿಮ್ಮ ಬುಧವಾರದ ಕಾಗದದಲ್ಲಿ ಅಳಿಯ ಕುಳಿತಲ್ಲೇ ಕುಳಿತಿರುತ್ತಿದ್ದ. ನನ್ನ ರವಿವಾರದ ಕಾಗದದಲ್ಲಿ ಪಟ್ಟಿ ತಾನೇ ತಾನಾಗಿ ಚಡಪಡಿಸುತ್ತಿತ್ತು, ಗೆರೆ ಗರಗಸದ ಹಲ್ಲಿನಂತೆ ಬರುತ್ತಿತ್ತು, ಎರಡು ಸಲ ತೊಳೆದರೆ ಅಳಿಯ ನಾಪತ್ತೆ. ಸೆರೊಟೋನಿನ್ ಹಾಕಿದರೆ ಕಡ್ಡಿ ಮತ್ತೆ ಜಿಗಿಯುತ್ತಿತ್ತು. ಉಪ್ಪು ತೂಗಿ ತೂಗಿ ನೋಡಿದೆ, ನೀರು ಬದಲಿಸಿದೆ, ದಾರ ಬದಲಿಸಿದೆ. ಒಮ್ಮೆ ಕೂಡಲಸಂಗಮಕ್ಕೆ ಹೋದಾಗ ಸಂಗಮನಾಥನ ಮುಂದೆ ನಿಂತು, ಬರುವ ರವಿವಾರ ಈ ಪಟ್ಟಿ ಸುಮ್ಮನಿರಲಿ ಎಂದು ಬೇಡಿಕೊಂಡೆ. ವಿಜ್ಞಾನದ ವಿದ್ಯಾರ್ಥಿನಿ ನಾನು! ಅದೂ ನಡೆಯಲಿಲ್ಲ.

ನಾವು ಜಗಳಾಡಿದ ದಿನದ್ದು ಒಂದೊಂದು ಮಾತೂ ನನಗೆ ನೆನಪಿದೆ. ನನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ತೆಗೆದು, 'ನಿನ್ನ ಕೈ ಸರಿ ಇಲ್ಲವಾ ಗಿರಿಜಾ. ಪಟ್ಟಿ ಜಗ್ಗಿ ಕಟ್ಟತಿ. ನೇಕಾರರ ಮನಿ ಹುಡುಗಿ, ಕೈ ನಾಜೂಕ ಇರತೈತಿ ಅಂತ ತಿಳಕೊಂಡಿದ್ನಿ' ಎಂದಿರಿ. ನನ್ನ ಮನೆಯ ಮಗ್ಗವನ್ನು ನಡುವೆ ತರಬಾರದಿತ್ತು ಸರ್. ಆ ಮಾತಿಗೆ ನಾನೂ ನಾಲಿಗೆ ಬಿಟ್ಟೆ. 'ನನ್ನ ಕೈ ಸರಿ ಐತ್ರಿ. ನಿಮಗ ಏನು ಬೇಕಾಗೈತಿ ಅದ ನಿಮಗ ಕಾಣತೈತಿ. ಅಮ್ಮಾರ ಸಲುವಾಗಿ ನೀವು ಅಳಿಯನ್ನ ಹಿಡಿದು ಕುಂದರಸೀರಿ' ಎಂದುಬಿಟ್ಟೆ. ಮಾಳಪ್ಪ ಕಾಕಾ ಕೈಯಲ್ಲಿನ ಬೀಕರು ಹಾಗೇ ಹಿಡಿದು ನಿಂತಿದ್ದ. ನೀವು ಕನ್ನಡಕ ಹಾಕಿಕೊಂಡಿರಿ. ಶೀಸೆಯನ್ನು ಫ್ರಿಜ್ಜಿನಲ್ಲಿಟ್ಟಿರಿ, ನೋಟುಬುಕ್ಕನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಹೋದಿರಿ. ಮತ್ತೆ ನೀವು ಆ ಕೆಲಸ ಮುಟ್ಟಲಿಲ್ಲ, ನನ್ನ ಪ್ರಬಂಧದ ಆ ಅಧ್ಯಾಯಕ್ಕೆ ಸಹಿಯನ್ನೂ ಹಾಕಲಿಲ್ಲ. ನಾನು ಆ ಅಧ್ಯಾಯ ಕಿತ್ತುಹಾಕಿ, ಉಳಿದ ಸಪ್ಪೆ ಅಧ್ಯಾಯಗಳನ್ನು ಕಟ್ಟಿ ಪದವಿ ತೆಗೆದುಕೊಂಡೆ. ಈಗ ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ನೋಡಿದಾಗೆಲ್ಲ ಮೈ ಉರಿಯುತ್ತದೆ.

ನೀವು ಹೋದ ಮೇಲೆ, ತಿಂಗಳು ಕಳೆದು, ಅಮ್ಮಾರು ಹೇಳಿಕಳಿಸಿದರು. ನಿಮ್ಮ ನೋಟುಬುಕ್ಕು ನನ್ನ ಕೈಗೆ ಕೊಟ್ಟು, 'ಇದು ಕಾಲೇಜಿಗೆ ಕೊಟ್ರ ರದ್ದಿಗೆ ಹಾಕ್ತಾರವಾ, ನೀ ಒಯ್ಯಿ' ಎಂದರು. ಆಮೇಲೆ ಬಾಗಿಲವರೆಗೂ ಬಂದು, ತಲೆಯ ಬಟ್ಟೆ ಸರಿ ಮಾಡಿಕೊಳ್ಳುತ್ತ, 'ಆ ಹುಡುಗಿ ನನಗ ಸುಳ್ಳ ಬರದೀರಿ ಅಂದ್ಲು ಅಂತ ಭಾಳ ಮನಸಿಗೆ ಹಚ್ಕೊಂಡಿದ್ರು. ಖರೇನ ಸುಳ್ಳ ಬರದಿದ್ರೇನವಾ?' ಎಂದು ಕೇಳಿದರು. ನಾನು ಸುಳ್ಳು ಎಂಬ ಶಬ್ದ ಬಳಸಿರಲಿಲ್ಲ. ಆದರೆ ಬಳಸದಿದ್ದರೇನಂತೆ, ಹೇಳಿದ್ದು ಅದನ್ನೇ ತಾನೆ? ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟುಬಿಟ್ಟೆ. ಬಸ್ಸಿನಲ್ಲಿ ನೋಟುಬುಕ್ಕು ತೆರೆದೆ. ಕೊನೆಯ ಬರಹದ ಪುಟದಲ್ಲಿ ನಿಮ್ಮ ದುಂಡು ಅಕ್ಷರ: 'ಔಷಧ ಸರಿ. ಪಟ್ಟಿ ಸರಿ. ಗಿರಿಜಾಳ ಕೈ ಸರಿ ಇಲ್ಲ.' ಬಸ್ಸಿನಿಂದ ಹೊರಗೆ ಎಸೆಯಬೇಕು ಎನಿಸಿತು. ಎಸೆಯಲಿಲ್ಲ, ಅಷ್ಟೇ.

ಹೋದ ಮಳೆಗಾಲದ ಮೊದಲಲ್ಲಿ, ಒಂದು ಶುಕ್ರವಾರ, ಬಾದಾಮಿಯ ಬನಶಂಕರಿಗೆ ಹೋಗಿದ್ದೆ. ನಿವೃತ್ತನಾದ ಮಾಳಪ್ಪ ಕಾಕಾ ಅಲ್ಲೇ ಹತ್ತಿರದ ತನ್ನ ಊರಿನಲ್ಲಿ ತಮ್ಮನ ಜೊತೆ ಕುರಿ ನೋಡಿಕೊಂಡಿದ್ದಾನೆ, ಬೀರಪ್ಪನ ಗುಡಿಗೆ ಮೂರು ಹೊತ್ತೂ ಹೋಗುತ್ತಾನೆ. ದರ್ಶನ ಮುಗಿಸಿ ಅವನ ಮನೆಗೆ ಹೋದರೆ ಅಂಗಳದಲ್ಲಿ ಗದ್ದಲ. ತಮ್ಮ ಒಂದೊಂದೇ ಕುರಿಯನ್ನು ತೊಡೆಯ ನಡುವೆ ಒತ್ತಿ ಹಿಡಿದು ಬಾಯಿ ತೆರೆಯುತ್ತಿದ್ದ, ಕಾಕಾ ಬಿದಿರಿನ ಗೊಟ್ಟದಲ್ಲಿ ಔಷಧ ಎರೆಯುತ್ತಿದ್ದ. ಏನಿದು ಎಂದೆ. 'ಜಂತಿನ ಔಷಧರಿ ಅಕ್ಕಾರ. ನಾಳಿ ಹುನಗುಂದದ ಕಡೆ ಸಂತಿಗೆ ಹೊಡಕೊಂಡ ಹೋಗ್ತೇವಲ್ರಿ, ಅದಕ್ಕ.' ಸಂತೆಗೂ ಜಂತಿಗೂ ಏನು ಸಂಬಂಧ ಎಂದು ಕೇಳಿದೆ. 'ಗೊಟ್ಟಾ ಹಾಕಿದ ಕುರಿ ಚುರುಕ ಕಾಣತೈತ್ರಿ, ಕಿವಿ ಎತ್ತಿ ನಿಂದರತೈತಿ. ಕೊಳ್ಳಾವ್ರು ಒಪ್ಪತಾರ. ಸಂತಿಗೆ ಹೊಂಡೂ ಮುಂದ ನಮ್ಮ ಕಡೆ ಎಲ್ಲಾರೂ ಹಾಕ್ತಾರ.'

ನಾನು ಚಹಾದ ಬಸಿ ಕೆಳಗಿಟ್ಟೆ. 'ಕಾಕಾ, ನಮ್ಮ ಮಟನ್ ಅಂಗಡಿಯವ ರವಿವಾರದ ಕುರಿ ಎಲ್ಲಿಂದ ತರ್ತಿದ್ದ?' 'ಶನಿವಾರದ ಸಂತಿಂದರಿ. ಐತ್ವಾರ ಹೆಚ್ಚು ಕುರಿ ಬೇಕಲ್ರಿ.' 'ಬುಧವಾರದ್ದು?' 'ಅದು ನಮ್ಮಂಥಾರು ಮನಿಮುಂದಿಂದು ಒಂದೆರಡು ಕೊಟ್ಟಿರ್ತೇವಲ್ರಿ, ಅದು.' ಗೊಟ್ಟ ಹಾಕದ್ದು. ಜಂತಿನ ಔಷಧ ಜಂತಿನ ನರ ಕೆರಳಿಸಿಯೇ ಅದನ್ನು ಕೆಡವುವುದು, ಕುರಿಯ ಹೊಟ್ಟೆಯನ್ನು ಬಿಟ್ಟೀತೇ? ಎರಡು ವರ್ಷ, ಸರ್! ರವಿವಾರಗಟ್ಟಲೆ ನಾನು ಉಪ್ಪು ತೂಗಿದೆ, ನೀವು ನನ್ನ ಕೈ ತೂಗಿದಿರಿ, ಆಮೇಲೆ ಎರಡು ವರ್ಷ ಮಾತು ಬಿಟ್ಟೆವು. ಸಿಟ್ಟು ತಡೆಯದೆ ಕಾಕಾನ ಮೇಲೆ ಹರಿಹಾಯ್ದೆ. 'ಇದನ್ನ ಅವತ್ತ ಯಾಕ ಹೇಳಲಿಲ್ಲ?' ಅವನು ಗೊಟ್ಟ ತೊಳೆಯುತ್ತ, ಬೇಜಾರಿಲ್ಲದೆ ಹೇಳಿದ: 'ನೀವು ಹೊಟ್ಟಿ ಕೇಳಿದ್ರಿ, ಹೊಟ್ಟಿ ತಂದಕೊಟ್ನಿ. ಕುರಿ ಯಾರದು ಅಂತ ಸರನೂ ಕೇಳಲಿಲ್ಲ, ನೀವೂ ಕೇಳಲಿಲ್ಲ.'

ನೀವು ಹೇಳುತ್ತಿದ್ದ ಮಾತು ಆಗ ನೆನಪಾಯಿತು. ಅಂದಾಜು ಹೊಳೆದ ಕೂಡಲೇ ಕುಣಿಯಬೇಡ, ಅದನ್ನು ಕೊಲ್ಲಲು ನೋಡು, ಸಾಯದಿದ್ದರೆ ಆಮೇಲೆ ಕುಣಿ. ಶೀಸೆ ಫ್ರಿಜ್ಜಿನಲ್ಲಿ ಹಾಗೇ ಇತ್ತು, ಒಂದು ದಿನದ ಕೆಲಸಕ್ಕಾಗುವಷ್ಟು ಪುಡಿ. ಕಾಕಾನಿಗೆ ಹೇಳಿದೆ, ಎರಡು ಕುರಿ ಸಂತೆಗೆ ಒಯ್ಯಬೇಡ, ಒಂದಕ್ಕೆ ಗೊಟ್ಟ ಹಾಕು, ಇನ್ನೊಂದಕ್ಕೆ ಬೇಡ, ಎರಡನ್ನೂ ರವಿವಾರ ನಮ್ಮ ಅಂಗಡಿಗೇ ಕೊಡು ಎಂದು. ಒಂದೇ ಹಿಂಡು, ಒಂದೇ ಹುಲ್ಲು, ಒಂದೇ ದಿನ. ಇನ್ನೊಂದು ಮಾತನ್ನೂ ಹೇಳಿದೆ: ಯಾವುದು ಯಾವುದೆಂದು ನನಗೆ ಹೇಳಬೇಡ. ಬೇಕಾದ್ದೇ ಕಾಣುತ್ತದೆ ಎಂದು ನಿಮಗೆ ಅಂದವಳು ನಾನು. ನನ್ನ ಕಣ್ಣನ್ನಾದರೂ ನಾನು ಹೇಗೆ ನಂಬಲಿ? ಕಾಕಾ ಎರಡು ಥರ್ಮಾಸು ತಂದ, ಒಂದರ ಹಿಡಿಗೆ ಕೆಂಪು ದಾರ, ಒಂದಕ್ಕೆ ಬಿಳಿ. ಅವನೇ ಕಾಗದಕ್ಕೆ ಹೊಗೆ ಹಿಡಿಸಿದ. ನಾನು ಪಟ್ಟಿ ಕತ್ತರಿಸಿದೆ. ಎರಡಕ್ಕೂ ನನ್ನದೇ ಕೈ.

ಆ ರವಿವಾರದ ಮಧ್ಯಾಹ್ನವನ್ನು ನಿಮಗೆ ತೋರಿಸಬೇಕಿತ್ತು. ಕೆಂಪು ದಾರದ ಪಟ್ಟಿ ಮೊದಲಿನಿಂದಲೂ ಚಡಪಡಿಸಿತು, ಅದೇ ನನ್ನ ಹಳೆಯ ಗರಗಸದ ಗೆರೆ, ಎರಡು ಸಲ ತೊಳೆದ ಮೇಲೆ ಅಳಿಯ ಎದ್ದು ಹೋದ. ಬಿಳಿ ದಾರದ್ದರಲ್ಲಿ ಕಡ್ಡಿ ಸಾವಕಾಶ ಅರ್ಧಕ್ಕೆ ಏರಿ ನಿಂತಿತು. ತೊಳೆದೆ. ನಿಂತಿತ್ತು. ತೊಳೆದೆ. ನಿಂತಿತ್ತು. ಮೂರನೆಯ ಸಲ, ನಾಲ್ಕನೆಯ ಸಲವೂ ತೊಳೆದೆ, ಆಗಲೂ ನಿಂತಿತ್ತು. ಸೆರೊಟೋನಿನ್ ಹಾಕಿದರೆ ಏನೂ ಇಲ್ಲ. ಮಿಕ್ಕ ಪಟ್ಟಿಗಳಲ್ಲೂ ಹಾಗೇ. ಕಾಕಾನ ಕಡೆ ತಿರುಗಿ, ಈಗ ಹೇಳು ಎಂದೆ. 'ಕೆಂಪಂದಕ್ಕ ಗೊಟ್ಟಾ ಹಾಕಿದ್ದರಿ' ಎಂದ. ನಾನು ಸ್ಟೂಲಿನ ಮೇಲೆ ಕುಳಿತು ಅತ್ತೆ. ಖುಷಿಗಲ್ಲ, ಸಿಟ್ಟಿಗೆ. ಇಷ್ಟು ಸಣ್ಣ ವಿಷಯಕ್ಕೆ ನಾವಿಬ್ಬರೂ…

ಇಷ್ಟಾದರೂ ನನಗೆ ತಿಳಿಯದ್ದೇ ಹೆಚ್ಚು. ಜಂತಿನ ಔಷಧ ಪಟ್ಟಿಯೊಳಗೇ ಉಳಿದಿತ್ತೋ, ನರಗಳನ್ನು ಕೆರಳಿಸಿ ಹೋಗಿತ್ತೋ? ಅಳಿಯ ಖರೆಯೇ ಏಳುತ್ತಾನೋ, ಅಥವಾ ಗದ್ದಲದಲ್ಲಿ ಅವನು ನಮಗೆ ಕಾಣುವುದಿಲ್ಲವೋ? ನೀವಿದ್ದಿದ್ದರೆ ಬೋರ್ಡಿನ ಮೇಲೆ ನಾಲ್ಕು ಬಾಣ ಎಳೆದು ಮುಂದಿನ ಪ್ರಯೋಗ ಹೇಳುತ್ತಿದ್ದಿರಿ. ಈಗ ಮುಂದಿನ ಪ್ರಯೋಗವೇ ಇಲ್ಲ, ಶೀಸೆ ಖಾಲಿ. ಪುಡಿ ಮಾಡಿಕೊಟ್ಟ ನಿಮ್ಮ ಸಹಪಾಠಿ ಆ ಕೆಲಸ ಬಿಟ್ಟು ವರ್ಷಗಳಾದವು. ಬೇರೆಯವರನ್ನು ಕೇಳಿದರೆ, ಅಳಿಯನ ಹೆಸರು ಯಾವ ನಿಷೇಧದ ಪಟ್ಟಿಯಲ್ಲೂ ಇಲ್ಲ, ಆದರೆ ಅದೇ ಕುಲದ ಅವನ ಅಣ್ಣತಮ್ಮಂದಿರ ಹೆಸರುಗಳು ಅಮಲಿನ ಪದಾರ್ಥಗಳ ಪಟ್ಟಿಯಲ್ಲಿವೆ, ಹಾಗಾಗಿ ಕೊಡಲಾಗುವುದಿಲ್ಲ ಎನ್ನುತ್ತಾರೆ. ಅನುಮತಿ ಕೇಳಿದರೆ, ಮೊದಲು ಅದರ ಗುಣಗಳ ವಿವರ ಬರೆದು ಕೊಡಿ ಎನ್ನುತ್ತಾರೆ. ಗುಣ ಗೊತ್ತಿದ್ದರೆ ಅನುಮತಿ ಯಾಕೆ ಕೇಳುತ್ತಿದ್ದೆ? ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು. ಒಂದು ಪತ್ರಿಕೆಗೆ ಬರೆದು ಕಳಿಸಿದೆ. ಒಂದೇ ದಿನದ ಕೆಲಸ ಸಾಲದು, ಇನ್ನಷ್ಟು ಮಾಡಿ ಕಳಿಸಿ ಎಂದು ಉತ್ತರ ಬಂತು. ಅವರು ಹೇಳಿದ್ದು ಸರಿಯೇ. ಅದೇ ಇನ್ನೂ ಹೆಚ್ಚು ಸಿಟ್ಟು ಬರಿಸುತ್ತದೆ. ಆದರೂ ಅರ್ಜಿ ಹಾಕುತ್ತಲೇ ಇರುತ್ತೇನೆ ಸರ್. ಅವರು ಬೇಸತ್ತು ಕೊಡಬೇಕು, ಇಲ್ಲವೇ ನಾನು ನಿವೃತ್ತಳಾಗಬೇಕು.

ಹೊಸ ಹುಡುಗಿಯರಿಗೆ ಪ್ರಯೋಗದ ನೋಟುಬುಕ್ಕಿನಲ್ಲಿ ಮೊದಲ ಕಾಲಮ್ಮನ್ನು ನಾನೇ ಗೆರೆ ಎಳೆದು ಕೊಡುತ್ತೇನೆ. ದಿನಾಂಕಕ್ಕೂ ಮೊದಲು: ಕುರಿ ಯಾರದು, ಗೊಟ್ಟ ಯಾವಾಗ ಹಾಕಿದ್ದು. ಅವರು ನನ್ನ ಬೆನ್ನ ಹಿಂದೆ ನಗುತ್ತಾರೆ. ನಗಲಿ, ಬರೆದರೆ ಸಾಕು.

ಮಸಿ ಉದುರದಂತೆ ಅಂದೇ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿಟ್ಟಿದ್ದ ಆ ಹೊಗೆಯ ಕಾಗದಗಳನ್ನು ನಿನ್ನೆ ಅಮ್ಮಾರ ಹತ್ತಿರ ಒಯ್ದೆ. ಅವರಿಗೆ ನಿನ್ನೆ ತಲೆನೋವು ಇರಲಿಲ್ಲ, ಕಿಟಕಿ ತೆರೆದಿತ್ತು. ಬಿಳಿ ದಾರದ ಕಾಗದ ಬೆಳಕಿಗೆ ಹಿಡಿದು, ಇದು ನನ್ನ ಕೈಯದು, ಇದೇ ಅವರೂ ಕಂಡದ್ದು, ಸುಳ್ಳು ಬರೆದಿರಲಿಲ್ಲ ಎಂದೆ. ಅಮ್ಮಾರು ಆ ಗೆರೆಯ ಮೇಲೆ ಬೆರಳು ಆಡಿಸಿ, ಅದು ಎಲ್ಲೂ ಇಳಿಯದ್ದನ್ನು ತುದಿಯವರೆಗೂ ನೋಡಿ, 'ಮಾತಾಡಿಸಬೇಕಿತ್ತವಾ ನೀ. ನೀನ ಸಣ್ಣಾಕಿ ಇದ್ದಿ' ಎಂದರು. ಹೌದು, ಮಾತಾಡಿಸಬೇಕಿತ್ತು. ನೀವೂ ಮಾತಾಡಿಸಬೇಕಿತ್ತು, ದೊಡ್ಡವರಾಗಿದ್ದಿರಿ.

ನಿಮ್ಮ ನೋಟುಬುಕ್ಕಿನ ಆ ಸಾಲನ್ನು ನಾನು ಹೊಡೆದುಹಾಕಲಿಲ್ಲ. ಪ್ರಯೋಗದ ಪುಸ್ತಕದಲ್ಲಿ ಬರೆದದ್ದನ್ನು ಅಳಿಸಬಾರದು, ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕಬೇಕು ಎಂದು ಕಲಿಸಿದವರು ನೀವೇ. ಅಮ್ಮಾರ ಎದುರಿಗೇ ಕುಳಿತು ಬರೆದು ಸಹಿ ಹಾಕಿದ್ದೇನೆ: 'ಸರ್ ಕಂಡದ್ದು ಖರೆ. ಗಿರಿಜಾ ಕಂಡದ್ದೂ ಖರೆ. ಕುರಿ ಯಾರದೆಂದು ಇಬ್ಬರೂ ಕೇಳಲಿಲ್ಲ.' ಪಕ್ಕದಲ್ಲಿ ನಿಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ.

ನಿಮ್ಮ,
ಗಿರಿಜಾ